ಅನ್ಸುತ್ತೆ ಅಂದರು

ಇದನ್ನು ಹೇಳಲು ನನಗಿಂತ ಹೆಚ್ಚು ಹಕ್ಕಿರುವವರು ಒಬ್ಬರಿದ್ದಾರೆ. ಅವರ ಬಲಗೈ ಈಗ ಮಣಿಕಟ್ಟಿನವರೆಗೆ ಮಾತ್ರ ಇದೆ, ಮತ್ತು ಅವರು ಮೊದಲಿನಿಂದಲೂ ಬರೆಯುವವರಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ತಪ್ಪು ಮಾಡಿದವಳೇ ಕತೆ ಹೇಳಲು ಕೂತರೆ ತನಗೆ ಅನುಕೂಲವಾಗುವಂತೆ ಹೇಳಿಕೊಳ್ಳುತ್ತಾಳೆ ಎಂದು ಓದುವವರಿಗೆ ಸಂಶಯ ಬರಬಹುದು. ಆ ಸಂಶಯ ನನಗೂ ಇದೆ. ಕ್ಷಮೆ ಇರಲಿ. ಆದಷ್ಟು ನಡೆದ ಹಾಗೇ ಹೇಳುತ್ತೇನೆ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳು ದಿನಕ್ಕೆ ಎರಡು ಲಾರಿಯಷ್ಟು ಬರುತ್ತವೆ. ಒಗೆದು, ಹಿಂಡಿದ ಮೇಲೆ ಅವು ಹಸಿಯಾಗಿಯೇ ರೋಲರಿಗೆ ಹೋಗುತ್ತವೆ. ರೋಲರ್ ಎಂದರೆ ಗೋಡೆಯಿಂದ ಗೋಡೆಗೆ ಮಲಗಿದಂತಿರುವ ದೊಡ್ಡ ಕಬ್ಬಿಣದ ಉರುಳೆ. ಒಳಗೆ ಸುಡುವ ಹಬೆ. ಇಬ್ಬರು ಹೆಂಗಸರು ಹಾಸಿನ ಎರಡು ಮೂಲೆ ಹಿಡಿದು, ಸುಕ್ಕಿಲ್ಲದಂತೆ ಎಳೆದು, ಅದರ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಒಣಗಿ, ಇಸ್ತ್ರಿಯಾಗಿ ಬೀಳುತ್ತದೆ. ಬಾಯಿಯ ಮುಂದೆ ಉದ್ದಕ್ಕೂ ಒಂದು ಅಡ್ಡಪಟ್ಟಿ ಇದೆ. ಕೈ ಅದಕ್ಕೆ ತಾಗಿದರೆ ಅದರೊಳಗಿನ ಸ್ಪ್ರಿಂಗ್ ಒತ್ತಿಕೊಂಡು ಉರುಳೆ ತಕ್ಷಣ ನಿಲ್ಲಬೇಕು. ಈ ಕತೆಯೆಲ್ಲ ಆ ‘ತಕ್ಷಣ’ದ ಮೇಲೆ ನಿಂತಿದೆ.

ಹತ್ತೊಂಬತ್ತು ವರ್ಷ ಆ ಯಂತ್ರದ ಎಡಮೂಲೆಯಲ್ಲಿ ನಿಂತವರನ್ನು ಎಲ್ಲರೂ ರೋಲರಕ್ಕ ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಬಲಮೂಲೆಯಲ್ಲಿ ನಿಲ್ಲಿಸಿ ಕೆಲಸ ಕಲಿಸಿದವರು ಅವರೇ. ಊಟದ ಬಿಡುವಿನಲ್ಲಿ ನಾನು ಏನಾದರೂ ಓದುತ್ತಿದ್ದುದರಿಂದ ನನಗೆ ‘ಪುಸ್ತಕ’ ಎಂದು ಹೆಸರಿಟ್ಟಿದ್ದರು.

“ಲೇ ಪುಸ್ತಕ, ಬೆರಳನ್ನ ಬಟ್ಟೆ ಜೊತೆ ಕಳಿಸ್ಬೇಡ್ವೇ. ಬಟ್ಟೆ ವಾಪಸ್ ಬರುತ್ತೆ, ಅದು ಬರಲ್ಲ.”

ಮೊದಲ ದಿನವೇ ಹೀಗೆಂದು ನಕ್ಕಿದ್ದರು. ಯಂತ್ರದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅವರ ದನಿ ಹಬೆಯ ಸದ್ದನ್ನೂ ಮೀರಿ ಯಂತ್ರ ರಿಪೇರಿ ಮಾಡುವ ಫಿಟ್ಟರನ ಕೋಣೆ ಮುಟ್ಟುತ್ತಿತ್ತು. “ಏನಪ್ಪಾ, ನಿನ್ನ ಬೆಲ್ಟು ಕಿತ್ಕೊಂಡು ಕೂತಿದೆ, ನೀನು ಚಾ ಕುಡೀತಾ ಕೂತಿದೀಯಾ?” ಹೀಗೆ. ಅವರ ಮಾತಿಗೆ ಹಿಂದೆ ಮುಂದೆ ಏನೂ ಇರುತ್ತಿರಲಿಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಅನ್ನುತ್ತಿದ್ದರು.

ಆರು ವರ್ಷ ಅವರ ಜೊತೆ ನಿಂತು, ಆಮೇಲೆ ನಾನು ಸಂಜೆ ತರಗತಿಗೆ ಸೇರಿದೆ. ವಾರಕ್ಕೆ ಮೂರು ಸಂಜೆ, ಒಂದು ಶಾಲೆಯ ಮಹಡಿ ಮೇಲೆ, ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಒತ್ತಿಕೊಂಡು ಕೂತು ಎರಡು ವರ್ಷ ಓದಿದೆ. ಕೆಲಸಗಾರರ ನಿರ್ವಹಣೆ ಎಂಬ ವಿಷಯ. ಮೇಷ್ಟ್ರು ಹಿಂದೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡು ನಿವೃತ್ತರಾದವರು. ಒಳ್ಳೆಯ ಮನುಷ್ಯ, ಅವರ ಮೇಲೆ ಈಗಲೂ ನನಗೆ ಕೋಪವಿಲ್ಲ. ಕೆಲಸಗಾರ ಯಂತ್ರದ ಬಿಡಿಭಾಗವಲ್ಲ, ಅವನ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಿದರೆ ಸಾಕು, ಕೆಲಸ ತಾನಾಗಿ ಸುಧಾರಿಸುತ್ತದೆ ಎಂದು ಅವರು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಲ್ಲಿಯವರೆಗೆ ನನ್ನ ಮಾತನ್ನು ಯಾವ ಮೇಲಿನವರೂ ಕೇಳಿರಲಿಲ್ಲ.

ಇನ್ನೊಂದನ್ನೂ ಅವರು ಹೇಳಿದರು. “ದೂರು ಅನ್ನೋದು ಜ್ವರ ಇದ್ದ ಹಾಗೆ. ರೋಗ ಬೇರೆ ಕಡೆ ಇರುತ್ತೆ. ಫ್ಯಾನ್ ತಿರುಗ್ತಿಲ್ಲ ಅಂತ ಒಬ್ಬಾಕೆ ಕೂಗಾಡಿದ್ರೆ ಅದು ಫ್ಯಾನಿನ ಮಾತಲ್ಲ. ಮನೇಲಿ ಏನೋ ಆಗಿದೆ, ಇಲ್ಲಾ ತನ್ನನ್ನ ಯಾರೂ ಗಮನಿಸ್ತಿಲ್ಲ ಅಂತಿದಾಳೆ. ‘ಅನ್ಸುತ್ತೆ’ ಅನ್ನೋ ಪದಕ್ಕೆ ಕಿವಿಗೊಡಿ. ಅದು ಬಂತು ಅಂದ್ರೆ ಮನಸ್ಸು ಬಾಗಿಲು ತೆಗೀತು ಅಂತ ಅರ್ಥ. ಆಗ ಪರಿಹಾರ ಹೇಳೋಕೆ ಹೋಗ್ಬೇಡಿ. ಅವರ ಭಾವನೆಯನ್ನ ಅವರಿಗೇ ತಿರುಗಿ ಹೇಳಿ.”

ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. ನನ್ನ ಗಂಡ ಊಟಕ್ಕೆ ಕೂತು, “ಸಾರಿಗೆ ಉಪ್ಪು ಕಮ್ಮಿ” ಎಂದರು.

“ಉಪ್ಪು ಕಮ್ಮಿ ಆಗಿದೆ ಅಂತ ನಿಮಗೆ ಬೇಜಾರಾಗಿದೆ.”

“ಬೇಜಾರಲ್ಲ ಕಣೇ. ಉಪ್ಪು ಕಮ್ಮಿ.”

“ನಿಮ್ಮ ಮಾತನ್ನ ನಾನು ಕೇಳಿಸಿಕೊಳ್ತಿಲ್ಲ ಅಂತ ಅನ್ನಿಸ್ತಿದೆ ಅಲ್ವಾ?”

ಅವರು ಎದ್ದುಹೋಗಿ ತಾವೇ ಉಪ್ಪಿನ ಡಬ್ಬಿ ತಂದುಕೊಂಡರು. ವಾರಗಟ್ಟಲೆ ಇದನ್ನು ನೆಂಟರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ನಗುವುದರ ಬದಲು ಆಗಲೇ ಒಂದು ನಿಮಿಷ ಯೋಚಿಸಬೇಕಿತ್ತು.

ಪ್ರಮಾಣಪತ್ರ ಸಿಕ್ಕ ಮೇಲೆ ಮ್ಯಾನೇಜರ್ ನನ್ನನ್ನು ಇಸ್ತ್ರಿ ವಿಭಾಗದ ಮೇಲ್ವಿಚಾರಕಿ ಮಾಡಿದರು. ಮೊದಲ ಬೆಳಿಗ್ಗೆ ನಾನು ರೋಲರ್ ಹತ್ತಿರ ಹೋದಾಗ ರೋಲರಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ನಿಂತು, “ನಮಸ್ಕಾರ ಮೇಡಂ” ಎಂದರು.

“ಅಕ್ಕಾ, ಇದೇನಿದು? ನನ್ನ ಮೇಡಂ ಅಂತೀಯಲ್ಲ!”

“ಕುರ್ಚಿಗೆ ಅಂದೆ. ನಿಮಗಲ್ಲ.”

ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡೆ. ಆದರೆ ಅಂದಿನಿಂದ ಅವರ ಬಾಯಲ್ಲಿ ‘ಲೇ’ ಹೋಯಿತು, ‘ನೀನು’ ಹೋಯಿತು. ಮಾತಿನ ಕೊನೆಗೆ ಒಂದು ಬಾಲ ಬಂತು. ಹಬೆ ಕಮ್ಮಿ ಬರ್ತಿದೆ ಅನ್ಸುತ್ತೆ ಮೇಡಂ. ಇವತ್ತು ಆಸ್ಪತ್ರೆ ಲಾರಿ ತಡ ಅನ್ಸುತ್ತೆ ಮೇಡಂ. ಲಾರಿ ಬಂದಿಲ್ಲದ್ದು ಕಣ್ಣೆದುರಿಗೇ ಕಾಣುತ್ತಿದ್ದರೂ ‘ಅನ್ಸುತ್ತೆ’. ಮೇಲಿನವರ ಮುಂದೆ ನಾವೆಲ್ಲ ಹೀಗೇ ಮಾತಾಡುವುದು. ಮುಖಕ್ಕೆ ಹೊಡೆದ ಹಾಗೆ ಹೇಳಬಾರದು, ಅವರ ತೀರ್ಮಾನಕ್ಕೆ ಸ್ವಲ್ಪ ಜಾಗ ಬಿಡಬೇಕು ಎಂದು. ನಾನೂ ಮ್ಯಾನೇಜರ್ ಮುಂದೆ ಹೀಗೇ ಮಾತಾಡುತ್ತಿದ್ದೆ. ಆದರೆ ನನ್ನ ಕಿವಿ ಆಗ ತರಗತಿಯ ಕಿವಿಯಾಗಿತ್ತು.

ಹರಿದ ಹಾಸುಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಎರಡು ಕುರ್ಚಿ ಹಾಕಿಸಿದೆ. ಎದುರುಬದುರು ಹಾಕಬಾರದು, ಸ್ವಲ್ಪ ಓರೆಯಾಗಿ ಹಾಕಬೇಕು, ನಡುವೆ ಮೇಜು ಇರಬಾರದು ಎಂದು ಪಾಠದಲ್ಲಿತ್ತು. ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಕಾಲು ಗಂಟೆ. ಏನು ಬೇಕಾದರೂ ಮಾತಾಡಬಹುದು. ಬರೆದುಕೊಳ್ಳಲು ನಾನೇ ಒಂದು ಹಾಳೆ ರೂಪಿಸಿದೆ. ನಡುವೆ ಒಂದು ಗೆರೆ. ಎಡಗಡೆ ‘ನಡೆದದ್ದು’, ಬಲಗಡೆ ‘ಅನ್ನಿಸಿದ್ದು’. ಎಡಗಡೆಯದ್ದು ಅಂದೇ ಫಿಟ್ಟರಿಗೋ ಸ್ಟೋರಿಗೋ ಹೋಗುತ್ತಿತ್ತು. ಬಲಗಡೆಯದ್ದು ನನ್ನ ಕಡತದಲ್ಲೇ ಉಳಿಯುತ್ತಿತ್ತು. ಮೇಷ್ಟ್ರಿಗೆ ಅದನ್ನು ತೋರಿಸಿದಾಗ ಅವರು ಹೊಸ ತರಗತಿಯವರ ಮುಂದೆ ಎತ್ತಿ ಹಿಡಿದು ಹೊಗಳಿದರು. ಆ ಸಂಜೆ ನಾನು ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದೇ ಹೋದೆ. ಕಾಲು ನೆಲದ ಮೇಲಿರಲಿಲ್ಲ.

ಹೆಂಗಸರು ಮಾತಾಡಿದರು. ಅತ್ತೆಯ ಕಾಟ, ಮಗನ ಪರೀಕ್ಷೆ, ಬೆನ್ನುನೋವು. ಅತ್ತು ಹಗುರಾಗಿ ಹೋದರು. ನಾಲ್ಕು ತಿಂಗಳಲ್ಲಿ ಎಡಗಡೆಯ ದೂರುಗಳು ತಿಂಗಳಿಗೆ ಮೂವತ್ತೊಂದು ಇದ್ದದ್ದು ನಾಲ್ಕಕ್ಕೆ ಇಳಿಯಿತು.

“ಏನು ಜಾದೂ ಮಾಡಿದ್ರಿ?” ಎಂದು ಮ್ಯಾನೇಜರ್ ಕೇಳಿದರು.

“ಏನಿಲ್ಲ ಸಾರ್, ಕೇಳಿಸಿಕೊಂಡೆ ಅಷ್ಟೆ.”

“ಫಿಟ್ಟರ್ ಕೈ ಕಟ್ಟಿ ಕೂತಿದಾನೆ ನೋಡಿ ಈಗ.”

ಅದು ಹೊಗಳಿಕೆ ಎಂದೇ ತಿಳಿದೆ.

ರೋಲರಕ್ಕ ಆ ಕೋಣೆಗೆ ಬರಲು ಇಷ್ಟಪಡುತ್ತಿರಲಿಲ್ಲ. ಬಂದರೂ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅಪಘಾತಕ್ಕೆ ಒಂಬತ್ತು ದಿನ ಮೊದಲು ಬಂದಾಗ, ನಾನು ಕೇಳುವ ಮೊದಲೇ ಶುರುಮಾಡಿದರು.

“ಅಡ್ಡಪಟ್ಟಿ ತಡವಾಗಿ ನಿಲ್ಲಿಸುತ್ತೆ ಅನ್ಸುತ್ತೆ ಮೇಡಂ. ಬೆಳಿಗ್ಗೆ ಸರಿ ಇರುತ್ತೆ. ಮಧ್ಯಾಹ್ನ ಯಂತ್ರ ಕಾದ ಮೇಲೆ ಒಂದು ಸಲ ಒತ್ತಿದ್ರೆ ನಿಲ್ಲಲ್ಲ.”

ಅವರು ಹೀಗೆಂದರು ಎಂದು ಬರೆಯುತ್ತಿದ್ದೇನೆ. ಆ ಮೊದಲ ವಾಕ್ಯದ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳಬೇಕಾಗುತ್ತದೆ.

‘ಅನ್ಸುತ್ತೆ’ ನನ್ನ ಕಿವಿಗೆ ಬಿತ್ತು. ಬಾಗಿಲು ತೆರೆಯಿತು ಎಂದುಕೊಂಡೆ. ಮೆಲ್ಲಗೆ, “ಆ ರೋಲರ್ ಕಂಡ್ರೆ ಈಚೆಗೆ ನಿಮಗೆ ಭಯ ಆಗ್ತಿದೆ” ಎಂದೆ.

ಅವರು ನನ್ನ ಮುಖ ನೋಡಿದರು. “ಭಯ ಯಾರಿಗಿಲ್ಲ ಮೇಡಂ. ಭಯ ಇದ್ದಿದ್ದಕ್ಕೇ ಹತ್ತೊಂಬತ್ತು ವರ್ಷ ಕೈ ಉಳಿದಿದೆ.”

“ಮನೇಲಿ ಎಲ್ಲ ಹೇಗಿದೆ ಅಕ್ಕಾ?”

ಅವರು ತಂಗಿಯ ವಿಷಯ ಹೇಳಿದರು. ಇಬ್ಬರೇ ಒಟ್ಟಿಗೆ ಇರುವವರು. ತಂಗಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು, ದಿನ ಗೊತ್ತಾಗಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ, ಬಲಗೈಯೇ ಇರಬೇಕು. ಕಾಲು ಗಂಟೆ ಮುಗಿಯಿತು. ಬಾಗಿಲ ಬಳಿ ನಿಂತು, “ಆ ಪಟ್ಟಿದು ಫಿಟ್ಟರಿಗೆ ಹೇಳ್ತೀರಲ್ಲ?” ಎಂದರು. “ನಿಮ್ಮ ಮಾತು ನನಗೆ ಅರ್ಥ ಆಯ್ತು ಅಕ್ಕಾ” ಎಂದೆ.

ಹಾಳೆಯ ಎಡಗಡೆ ಖಾಲಿ ಬಿಟ್ಟು ಬಲಗಡೆ ಬರೆದೆ: ಯಂತ್ರದ ಬಗ್ಗೆ ಭಯ. ತಂಗಿಯ ಕಾಯಿಲೆಯ ಚಿಂತೆ. ಗಮನ ಬೇರೆಡೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಾನೇ ಪಟ್ಟಿಯನ್ನು ಒತ್ತಿ ನೋಡಿದೆ. ಉರುಳೆ ತಕ್ಷಣ ನಿಂತಿತು. ನೋಡು, ಅಂದುಕೊಂಡೆ, ಇದು ತಂಗಿಯ ಚಿಂತೆಯೇ. ಯಂತ್ರ ತಣ್ಣಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಓರೆ ಕುರ್ಚಿಯಲ್ಲಿ ಕೂತು, ಬಟ್ಟೆ ಮಡಚುವ ಒಬ್ಬಾಕೆಯ ಮಾತು ಕೇಳುತ್ತಿದ್ದೆ. ಹೊರಗೆ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ನಾನು ಓಡಿಹೋದಾಗ ಉರುಳೆ ನಿಂತಿತ್ತು, ಬಲಮೂಲೆಯಲ್ಲಿ ನಿಲ್ಲುವ ಜೊತೆಗಾತಿ ಎರಡೂ ಅಂಗೈಯಿಂದ ಅಡ್ಡಪಟ್ಟಿಯನ್ನು ಇನ್ನೂ ಒತ್ತಿಕೊಂಡೇ ಇದ್ದಳು. ರೋಲರಕ್ಕ ಕೂಗುತ್ತಿರಲಿಲ್ಲ. ಬಿಳಿ ಹಾಸಿನ ಜೊತೆ ಅವರ ಕೈ ಒಳಗಿತ್ತು. ಫಿಟ್ಟರ್ ಬಂದು ಉರುಳೆಯನ್ನು ಎತ್ತುವಷ್ಟರಲ್ಲಿ ಎಷ್ಟು ಹೊತ್ತಾಯಿತೋ. ಒಳಗೆ ಹಬೆ ಇದ್ದೇ ಇತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಆಸ್ಪತ್ರೆಯ ಗಾಡಿಯಲ್ಲಿ ಜೊತೆಗಾತಿ ನನ್ನ ಪಕ್ಕ ಕೂತಿದ್ದಳು. “ಒಂದ್ಸಲ ಒತ್ತಿದೆ ನಿಲ್ಲಲಿಲ್ಲ. ಎರಡನೇ ಸಲಕ್ಕೆ ನಿಂತಿತು” ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಮರುದಿನ ನಾನು ಹೋದಾಗ ಫಿಟ್ಟರ್ ಅಡ್ಡಪಟ್ಟಿ ಬಿಚ್ಚಿ ಜೋಡಿಸಿ ಮುಗಿಸಿದ್ದ.

“ಸ್ಪ್ರಿಂಗ್ ಬದಲಾಯಿಸಿದ್ಯಾ?”

“ಸರ್ವಿಸ್ ಮಾಡು ಅಂದ್ರು ಮ್ಯಾನೇಜರ್ ಸಾಹೇಬ್ರು. ಮಾಡ್ದೆ.”

“ಹಳೇದು ಎಲ್ಲಿ?”

ಅವನು ಗುಜರಿಯ ಡ್ರಮ್ಮಿನ ಕಡೆ ಕೈ ತೋರಿಸಿದ. ಅದು ಖಾಲಿಯಾಗಿತ್ತು. “ನನ್ನ ಮೇಲೆ ಕಣ್ಣು ಬಿಡ್ಬೇಡಿ ಮೇಡಂ. ನಿಮ್ಮ ಹಾಳೇಲಿ ಬಂದಿದ್ರೆ ಅವತ್ತೇ ನೋಡ್ತಿದ್ದೆ. ನಾಲ್ಕು ತಿಂಗಳಿಂದ ಆ ಹಾಳೆ ಬಿಟ್ಟು ಬೇರೆ ಯಾರ ಬಾಯಿಮಾತಿಗೂ ಹೋಗ್ಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು?”

ಹೌದು, ನಾನೇ. ಕೂಗಾಟ ಕಡಿಮೆಯಾಗಲಿ ಎಂದು.

ವಿಚಾರಣೆ ಆರು ವಾರದ ನಂತರ ನಡೆಯಿತು. ತೀರ್ಮಾನವಾಗಬೇಕಿದ್ದದ್ದು ಒಂದೇ: ಯಂತ್ರದ ದೋಷವೋ, ರೋಲರಕ್ಕನ ಅಜಾಗರೂಕತೆಯೋ. ಯಂತ್ರದ ದೋಷವಾದರೆ ಅವರ ಚಿಕಿತ್ಸೆ ನೋಡಿಕೊಂಡು, ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸ ಕೊಟ್ಟು, ನಿವೃತ್ತಿಯವರೆಗೆ ಉಳಿಸಿಕೊಳ್ಳಬೇಕಿತ್ತು. ಅಜಾಗರೂಕತೆಯಾದರೆ ಅವರು ಮನೆಗೆ.

ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಕುರ್ಚಿಯನ್ನು ಓರೆಯಾಗಿ ಹಾಕಿದ್ದರು. ಆ ಪಾಠವನ್ನು ಅವರಿಗೆ ಹೇಳಿಕೊಟ್ಟವಳೂ ನಾನೇ.

“ಸಾರ್, ಅವರು ಪಟ್ಟಿ ಬಗ್ಗೆ ಹೇಳಿದ್ರು. ನಾನು ತಪ್ಪು ಕಡೆ ಬರೆದೆ.”

“ನಿಮಗೆ ತಪ್ಪಿತಸ್ಥ ಭಾವನೆ ಕಾಡ್ತಿದೆ.”

“ಭಾವನೆ ಅಲ್ಲ ಸಾರ್. ತಪ್ಪೇ ಆಗಿದೆ.”

“ತುಂಬಾ ನೊಂದಿದೀರಿ. ಸಹಜ.” ನೀರಿನ ಲೋಟ ನನ್ನ ಕಡೆ ಸರಿಸಿದರು. “ನಾಳೆ ಹಾಳೆಯಲ್ಲಿರೋದನ್ನ ಓದಿ, ಸಾಕು. ಇಲ್ಲದ್ದನ್ನ ಸೇರಿಸ್ಬೇಡಿ.”

ನಾನು ಮನೆಗೆ ಬಂದು ಹೇಳಬೇಕಾದ ವಾಕ್ಯವನ್ನು ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿಕೊಂಡೆ. ಅವರು ಯಂತ್ರದ ದೋಷವನ್ನೇ ಹೇಳಿದರು. ಅವರು ಯಂತ್ರದ ದೋಷವನ್ನೇ ಹೇಳಿದರು.

ವಿಚಾರಣೆಗೆ ಬಂದ ಅಧಿಕಾರಿ ದೊಡ್ಡ ಹುದ್ದೆಯವರು, ಮೃದು ದನಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ರೋಲರಕ್ಕ ಗೋಡೆಯ ಬದಿಗೆ ಕೂತಿದ್ದರು, ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡು. ಪಕ್ಕದಲ್ಲಿ ತಂಗಿ. ಆಪರೇಷನ್ ಚೆನ್ನಾಗಿ ಆಗಿತ್ತಂತೆ. ಅಕ್ಕನ ತಲೆ ಬಾಚಿ ಜಡೆ ಹಾಕಿ ಕರೆದುಕೊಂಡು ಬಂದಿದ್ದಳು.

ಜೊತೆಗಾತಿಯನ್ನು ಮೊದಲು ಕೇಳಿದರು. ಅವಳು ಮ್ಯಾನೇಜರ್ ಕೂತಿದ್ದ ಕಡೆ ನೋಡಿ, “ಗಾಬರೀಲಿ ಏನೂ ಗೊತ್ತಾಗ್ಲಿಲ್ಲ ಸಾರ್” ಎಂದಳು. ಅವಳಿಗೂ ಮನೆಯಿದೆ.

ರೋಲರಕ್ಕನನ್ನು ಕೇಳಿದಾಗ, “ಮೇಡಂಗೆ ಹೇಳಿದ್ದೆ ಸಾರ್, ಅವರನ್ನೇ ಕೇಳಿ” ಎಂದರು.

ನನ್ನನ್ನು ಕರೆದರು. ಹಾಳೆ ಅಧಿಕಾರಿಯ ಕೈಯಲ್ಲಿತ್ತು.

“ಎಡಗಡೆ ಏನೂ ಇಲ್ವಲ್ಲ?”

“ನಾನು ಬಲಗಡೆ ಬರೆದೆ ಸಾರ್.”

“‘ಗಮನ ಬೇರೆಡೆ’ ಅಂತಿದೆ. ಇದು ಆಕೆ ಆಡಿದ ಮಾತಾ?”

“ಇಲ್ಲ ಸಾರ್. ಅದು ನಾನು ಬರೆದದ್ದು.”

“ಹಾಗಾದ್ರೆ ಆಕೆ ಆಡಿದ ಮಾತೇ ಹೇಳಿ.”

“ಅಡ್ಡಪಟ್ಟಿ ತಡವಾಗಿ ನಿಲ್ಲಿಸುತ್ತೆ ಅನ್ಸುತ್ತೆ ಅಂದ್ರು.”

“ಅನ್ಸುತ್ತೆ.”

“ಹೌದು ಸಾರ್. ಆದ್ರೆ ಅದು...”

“ನೋಡಿ, ಆಕೆ ಯಂತ್ರದ ದೋಷವನ್ನ ಖಚಿತವಾಗಿ ತಿಳಿಸಿದ್ರಾ, ಇಲ್ಲ ತನ್ನ ಆತಂಕ ಹೇಳಿಕೊಂಡ್ರಾ? ಅಷ್ಟು ಹೇಳಿ ಸಾಕು.”

ಹತ್ತು ಸಲ ಹೇಳಿಕೊಂಡ ವಾಕ್ಯ ಬಾಯಲ್ಲಿತ್ತು. ಎದುರಿಗೆ ದೊಡ್ಡ ಅಧಿಕಾರಿ, ಬದಿಗೆ ನನ್ನ ಮ್ಯಾನೇಜರ್.

“ಯಂತ್ರದ ದೋಷವನ್ನೇ ಹೇಳಿದ್ರು... ಅನ್ಸುತ್ತೆ ಸಾರ್.”

ಹೇಗೆ ಬಂತೋ ಗೊತ್ತಿಲ್ಲ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೋಡೆಯ ಕಡೆಯಿಂದ ಒಂದು ಸಣ್ಣ ನಗು ಕೇಳಿಸಿತು. ರೋಲರಕ್ಕ ನಕ್ಕಿದ್ದರು. ಆ ಕೋಣೆಯಲ್ಲಿ ಆಗ ನಡೆದದ್ದು ಅರ್ಥವಾದದ್ದು ನಮ್ಮಿಬ್ಬರಿಗೆ ಮಾತ್ರ.

ಅಧಿಕಾರಿ ಗುಮಾಸ್ತನಿಗೆ, “ಹಾಗೆಂದು ಸಾಕ್ಷಿಗೆ ಅನ್ನಿಸುತ್ತದೆ, ಅಂತ ಬರ್ಕೊಳ್ಳಿ” ಎಂದರು.

“ಸಾರ್, ಅದು ಮರ್ಯಾದೆಗೆ ಅಂದಿದ್ದು!”

“ಯಾವುದು?”

“ಅನ್ಸುತ್ತೆ ಅನ್ನೋದು. ಅವರೂ ಹಾಗೇ ಅಂದಿದ್ದು. ನಾವು ದೊಡ್ಡವರ ಹತ್ರ ಹಂಗೇ ಮಾತಾಡೋದು.”

ಅವರು ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟರು. “ಸರಿ. ಮರ್ಯಾದೆ ಬಿಟ್ಟು ಹೇಳಿ. ಪಟ್ಟಿ ತಡವಾಗಿ ನಿಲ್ಲಿಸುತ್ತಿದ್ದದ್ದನ್ನ ನೀವು ಕಣ್ಣಾರೆ ನೋಡಿದೀರಾ?”

“ಇಲ್ಲ. ಮರುದಿನ ಬೆಳಿಗ್ಗೆ ನಾನು ಒತ್ತಿದಾಗ ತಕ್ಷಣ ನಿಂತಿತು. ಆಗ ಯಂತ್ರ ತಣ್ಣಗಿತ್ತು.”

“ಬಿಸಿ ಇದ್ದಾಗ ನೋಡಿದ್ರಾ?”

“ಇಲ್ಲ.”

ನಾನು ಪರೀಕ್ಷಿಸಿದಾಗ ಅದು ಸರಿಯಾಗಿತ್ತು ಎಂಬುದೇ ಕೊನೆಗೆ ಉಳಿಯಿತು. ಸ್ಪ್ರಿಂಗಿನ ವಿಷಯವನ್ನೂ ಹೇಳಿದೆ; ಅದು ಮಾಮೂಲಿ ಸರ್ವಿಸ್ ಎಂದು ಕಾರ್ಖಾನೆಯ ಪುಸ್ತಕದಲ್ಲಿ ದಾಖಲಾಗಿತ್ತು. ಮೂರು ವಾರಕ್ಕೆ ಆದೇಶ ಬಂತು. ಅದರ ಪ್ರಕಾರ ನಿರ್ದಿಷ್ಟ ದೂರು ಇರಲಿಲ್ಲ. ಗಾಯಗೊಂಡ ಕಾರ್ಮಿಕ ಮಹಿಳೆ ಕೌಟುಂಬಿಕ ಚಿಂತೆಯಿಂದ ಗಮನ ಕಳೆದುಕೊಂಡಿದ್ದರು. ‘ಗಮನ ಬೇರೆಡೆ’ ಎಂಬ ನನ್ನ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರು.

ಅವರ ಮನೆಗೆ ಹೋಗಲು ನನಗೆ ಧೈರ್ಯ ಬಂದದ್ದು ಎರಡು ತಿಂಗಳ ಮೇಲೆ. ಬಾಗಿಲು ತೆಗೆದ ತಂಗಿ ನನ್ನನ್ನು ಕಂಡು ಹಾಗೇ ತಿರುಗಿ ಒಳಗೆ ಹೋದಳು. ರೋಲರಕ್ಕ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಒಂದು ತುದಿಯನ್ನು ಗಲ್ಲದಡಿ ಒತ್ತಿಕೊಂಡು, ಇನ್ನೊಂದನ್ನು ಎಡಗೈಯಲ್ಲಿ ತಂದು ಕೂಡಿಸುತ್ತಿದ್ದರು. ಅಂಚಿಗೆ ಅಂಚು ಸರಿಯಾಗಿ ಕೂತಿತ್ತು.

“ಲೇ ಪುಸ್ತಕ, ಬಾರೇ” ಎಂದರು.

ಅಷ್ಟು ದಿನದ ‘ಮೇಡಂ’ ಹೋಗಿ ‘ಲೇ’ ವಾಪಸ್ ಬಂದಿತ್ತು. ಅವರಿಗೆ ಈಗ ನನ್ನಿಂದ ಏನೂ ಆಗಬೇಕಾದ್ದಿರಲಿಲ್ಲ, ಅದಕ್ಕೆ.

ನೆಲದ ಮೇಲೆ ಕೂತೆ. ಕ್ಷಮೆ ಕೇಳಲು ಬಾಯಿ ತೆರೆದರೆ ಬೇರೆಯೇ ಬಂತು. “ಅಕ್ಕಾ, ಅವತ್ತು ಕೋಣೇಲಿ ನೀನು ಅನ್ಸುತ್ತೆ ಅಂದ್ಯಾ?”

ಅವರು ಮಡಚಿದ್ದನ್ನು ಪಕ್ಕಕ್ಕಿಟ್ಟರು.

“ಅಂದಿರ್ಬೇಕು. ನಿನ್ನ ಮುಂದೆ ಎಲ್ಲದಕ್ಕೂ ಅನ್ತಿದ್ನಲ್ಲ. ಅಂದಿಲ್ದೇನೂ ಇರ್ಬಹುದು. ನನಗೆ ನೆನಪಿಲ್ಲ ಕಣೇ.” ಆಮೇಲೆ ಕೇಳಿದರು: “ಅಂದಿಲ್ದೇ ಇದ್ದಿದ್ರೆ ನೀನು ಎಡಗಡೆ ಬರೀತಿದ್ಯಾ?”

ಅವರು ಇನ್ನೊಂದು ಬಟ್ಟೆ ಎತ್ತಿಕೊಂಡು ತುದಿಯನ್ನು ಗಲ್ಲದಡಿ ಸಿಕ್ಕಿಸಿದರು. ಹಾಗೆ ಸಿಕ್ಕಿಸಿಕೊಂಡರೆ ಮಾತಾಡಲು ಆಗುವುದಿಲ್ಲ.

ನಾನು ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ಹಾಳೆಯ ನಡುವಿನ ಗೆರೆಯನ್ನು ತೆಗೆದಿದ್ದೇನೆ. ದಿನಾ ಮಧ್ಯಾಹ್ನ ಯಂತ್ರ ಚೆನ್ನಾಗಿ ಕಾದ ಮೇಲೆ ಒಂದು ಕೋಲಿನಿಂದ ಅಡ್ಡಪಟ್ಟಿಯನ್ನು ಒತ್ತಿ ನೋಡುತ್ತೇನೆ. ಅದು ಹೊಸ ಸ್ಪ್ರಿಂಗ್, ಪ್ರತಿ ಸಲವೂ ತಕ್ಷಣ ನಿಲ್ಲುತ್ತದೆ. ಹಳೆಯದು ಹೇಗಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ಅವರು ಆ ದಿನ ಆಡಿದ ಮಾತನ್ನು ನಾನು ಇದ್ದ ಹಾಗೆ ಬರೆದುಕೊಂಡಿರಲಿಲ್ಲ. ವಿಚಾರಣೆಯಲ್ಲಿ ಹೇಳಿದ್ದು ನೆನಪಿನಿಂದ. ಆ ‘ಅನ್ಸುತ್ತೆ’ ಅವರ ಬಾಯಿಂದ ಬಂದದ್ದೋ, ಕೇಳಬೇಕೆಂದು ಕಾದಿದ್ದ ನನ್ನ ಕಿವಿಯೇ ಸೇರಿಸಿಕೊಂಡದ್ದೋ, ನನಗೆ ಗೊತ್ತಿಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರವೂ ಗೊತ್ತಿಲ್ಲ.